ಒಂದೇ ಗೂಡ್ಸ್ ಇಂಜಿನ್, 943 ಸಲ: ಕ್ರೂ ಕಾರ್ಖಾನೆ ಮಾಡಿದ್ದು ಸರಿಯೇ?

ಇಂಗ್ಲೆಂಡಿನ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆ 1858ರಲ್ಲಿ ಡಿಎಕ್ಸ್ ಎಂಬ ಗೂಡ್ಸ್ ಇಂಜಿನ್ ಹೊರತಂದಿತು. 1874ರವರೆಗೆ ಕ್ರೂ ಊರಿನ ಕಾರ್ಖಾನೆಯಲ್ಲಿ ಅದೇ ನಕ್ಷೆಯ 943 ಇಂಜಿನ್‌ಗಳು ತಯಾರಾದವು. ಬ್ರಿಟನ್ನಿನಲ್ಲಿ ಬೇರೆ ಯಾವ ಉಗಿ ಇಂಜಿನ್ ವರ್ಗವೂ ಈ ಸಂಖ್ಯೆಯನ್ನು ಮುಟ್ಟಲಿಲ್ಲ. ಇದು ಜಾಣತನವೋ, ಹಟವೋ?

ಪರ

ಗ್ಯಾರೇಜ್ ಇಟ್ಟುಕೊಂಡವರನ್ನು ಕೇಳಿ ನೋಡಿ. ಐದು ಟ್ರ್ಯಾಕ್ಟರ್ ಐದು ಕಂಪನಿಯದ್ದಾದರೆ ರಿಪೇರಿಗಿಂತ ಸ್ಪೇರ್ ಪಾರ್ಟ್ ಹುಡುಕುವುದೇ ದೊಡ್ಡ ಕೆಲಸ. ಐದೂ ಒಂದೇ ಮಾಡೆಲ್ ಆದರೆ, ಕೆಟ್ಟು ನಿಂತ ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿ, ಸಂಜೆಯೊಳಗೆ ನಾಲ್ಕನ್ನು ಹೊಲಕ್ಕೆ ಕಳಿಸಬಹುದು. ಕ್ರೂ ಕಾರ್ಖಾನೆಯ ಮುಖ್ಯಸ್ಥ ಜಾನ್ ರಾಮ್ಸ್‌ಬಾಟಮ್ ಮಾಡಿದ್ದು ಇದನ್ನೇ.

ಡಿಎಕ್ಸ್‌ನಲ್ಲಿ ಶೋಕಿ ಏನೂ ಇಲ್ಲ. ಮೂರು ಜೋಡಿ ಚಕ್ರ, ಆರೂ ಎಳೆಯುವಂಥವೇ. ಚಕ್ರದ ಅಡ್ಡಳತೆ 5 ಅಡಿ 2 ಅಂಗುಲ. ಚೌಕಟ್ಟಿನ ಒಳಗೆ 17 ಅಂಗುಲ ಅಗಲದ ಎರಡು ಸಿಲಿಂಡರ್, ಪಿಸ್ಟನ್ ಓಡುವ ಉದ್ದ 24 ಅಂಗುಲ. ಹಬೆಯ ಒತ್ತಡ ಚದರ ಅಂಗುಲಕ್ಕೆ 120 ಪೌಂಡ್. ಇಂಜಿನ್ನಿನ ಪೂರ್ತಿ ಭಾರ ಎಳೆಯುವ ಚಕ್ರಗಳ ಮೇಲೇ ಬೀಳುತ್ತದೆ. ಹಾಗಾಗಿ ಒದ್ದೆ ಹಳಿಯ ಮೇಲೂ ಜಾರುವುದು ಕಡಿಮೆ. ಗೂಡ್ಸ್ ಎಳೆಯೋಕೆ ಇನ್ನೇನು ಬೇಕು?

ಹದಿನಾರು ವರ್ಷಕ್ಕೆ 943 ಅಂದರೆ ವಾರಕ್ಕೊಂದಕ್ಕಿಂತ ಜಾಸ್ತಿ. ಅದೇ ಕಾರ್ಖಾನೆಯಲ್ಲಿ ಬೇರೆ ಇಂಜಿನ್‌ಗಳೂ ತಯಾರಾಗುತ್ತಿದ್ದವು, ರಿಪೇರಿಯೂ ನಡೆಯುತ್ತಿತ್ತು. ಫಿಟ್ಟರ್ ಪ್ರತಿ ಭಾಗವನ್ನೂ ಅರದಿಂದ ಉಜ್ಜಿ ಉಜ್ಜಿ ಕೂರಿಸುತ್ತಾ ಕೂತಿದ್ದರೆ ಈ ವೇಗ ಕನಸಿನ ಮಾತು. 1862ರಲ್ಲಿ ಕಂಪನಿಯ ದಕ್ಷಿಣ ವಿಭಾಗದ ಹೊಣೆಯೂ ರಾಮ್ಸ್‌ಬಾಟಮ್ ಅವರಿಗೇ ಬಂತು. ಆಮೇಲೆ ಇದೇ ಇಂಜಿನ್ ಅತ್ತಲೂ ಹೋಯಿತು. ಯಾವ ಶೆಡ್‌ಗೆ ಕಳಿಸಿದರೂ ಡ್ರೈವರ್‌ಗೆ ಪರಿಚಯದ ಇಂಜಿನ್, ಮೆಕ್ಯಾನಿಕ್‌ಗೆ ಪರಿಚಯದ ನಟ್ಟು.

ರಾಮ್ಸ್‌ಬಾಟಮ್ ಬರೀ ಲೆಕ್ಕದ ಮನುಷ್ಯ ಆಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಇವತ್ತು ನಿಮ್ಮ ಬೈಕಿನ ಪಿಸ್ಟನ್ನಿಗೆ ಹಾಕುವ ಸೀಳಿದ ರಿಂಗ್ ಇದೆಯಲ್ಲ, ಅದರ ಮೂಲ ಅವರದ್ದೇ, 1850ರ ದಶಕದ್ದು. ಅವರ ಸೇಫ್ಟಿ ವಾಲ್ವ್ ಇನ್ನೂ ಸೊಗಸು. ಹಳೇ ವಾಲ್ವ್‌ಗಳಲ್ಲಿ ಕೆಲವು ಡ್ರೈವರ್‌ಗಳು ಸ್ಪ್ರಿಂಗ್ ಬಿಗಿ ಮಾಡಿಬಿಡುತ್ತಿದ್ದರು. ಹಬೆ ಹೊರಗೆ ಹೋಗದು, ಏರು ಹತ್ತಲು ಬಲ ಸಿಗುತ್ತದೆ. ಬಾಯ್ಲರ್ ಸಿಡಿದರೆ ಮಾತ್ರ ಕಥೆ ಮುಗಿಯಿತು. ಇವರು ಎರಡು ವಾಲ್ವ್‌ಗಳ ಮಧ್ಯೆ ಒಂದೇ ಸ್ಪ್ರಿಂಗ್ ಇಟ್ಟು, ಮೇಲೆ ಅಡ್ಡಕ್ಕೆ ಒಂದು ಸನ್ನೆಕೋಲು ಕೂರಿಸಿದರು. ಕೋಲನ್ನು ಕೆಳಗೆ ಒತ್ತಿದರೆ ಒಂದು ವಾಲ್ವ್ ಸಡಿಲ, ಮೇಲೆ ಎತ್ತಿದರೆ ಇನ್ನೊಂದು ಸಡಿಲ. ಕಳ್ಳಾಟ ನಡೆಯುವುದಿಲ್ಲ. ನಕ್ಷೆ ಒಂದೇ ಇದ್ದರೆ ಇಂಥ ಉಪಾಯವನ್ನು ನೂರಾರು ಇಂಜಿನ್ನಿಗೆ ದಾಟಿಸುವುದು ಸಲೀಸು.

ಬಾಳಿಕೆಯನ್ನೂ ನೋಡಿ. ರಾಮ್ಸ್‌ಬಾಟಮ್ ನಂತರ ಕ್ರೂ ಮುಖ್ಯಸ್ಥರಾದ ಫ್ರಾನ್ಸಿಸ್ ವೆಬ್ 1881ರಿಂದ 1898ರವರೆಗೆ ಇವುಗಳಲ್ಲಿ 500ಕ್ಕೆ ಹೊಸ ಬಾಯ್ಲರ್, ಇಂಜಿನ್ನಿನಿಂದಲೇ ಹಿಂದಿನ ಗಾಡಿಗಳನ್ನೂ ನಿಲ್ಲಿಸುವ ವ್ಯಾಕ್ಯೂಮ್ ಬ್ರೇಕ್ ಹಾಕಿಸಿ ಮತ್ತೆ ಹಳಿಗೆ ಬಿಟ್ಟರು. ಬ್ರೇಕ್ ಬಂದ ಮೇಲೆ ಪ್ಯಾಸೆಂಜರ್ ರೈಲನ್ನೂ ಎಳೆದವು. 1923ರಲ್ಲಿ ಕಂಪನಿಯೇ ಇನ್ನೊಂದರಲ್ಲಿ ಸೇರಿಹೋಯಿತು, ಆಗಲೂ ಕೆಲವು ಓಡುತ್ತಲೇ ಇದ್ದವು. ಭಾರತದ ಬ್ರಾಡ್‌ಗೇಜ್‌ಗೆ 1903ರಲ್ಲಿ ಸ್ಟಾಂಡರ್ಡ್ ಮಾದರಿಗಳನ್ನು ಗೊತ್ತು ಮಾಡಿದಾಗ ಗೂಡ್ಸ್‌ಗೆ ಆರಿಸಿದ್ದೂ ಒಳಗೆ ಸಿಲಿಂಡರ್ ಇರುವ ಆರು ಚಕ್ರದ ಇಂಜಿನ್ನನ್ನೇ.

ವಿರೋಧ

ಟ್ರ್ಯಾಕ್ಟರ್ ಉದಾಹರಣೆ ಚೆನ್ನಾಗಿದೆ. ಆದರೆ ಕಬ್ಬಿನ ಲೋಡು ಎಳೆಯೋಕೂ, ಗದ್ದೆ ಕೆಸರು ಮಾಡೋಕೂ ಯಾರೂ ಒಂದೇ ಚಕ್ರ ಹಾಕುವುದಿಲ್ಲ ಅಲ್ವಾ?

ಚಕ್ರದಿಂದಲೇ ಶುರು ಮಾಡೋಣ. 5 ಅಡಿ 2 ಅಂಗುಲ ಅನ್ನುವುದು ರಾಜಿ ಅಳತೆ. ಸ್ವಲ್ಪ ಜೋರಾಗಿಯೂ ಓಡಬೇಕು, ಭಾರವನ್ನೂ ಎಳೆಯಬೇಕು. ಕಲ್ಲಿದ್ದಲು ಗಾಡಿಗೆ ಜೋರು ಬೇಕಿಲ್ಲ, ಬಲ ಬೇಕು. ಅದೇ ಸಿಲಿಂಡರ್, ಅದೇ ಒತ್ತಡ ಇಟ್ಟುಕೊಂಡು ಚಕ್ರವನ್ನು 4 ಅಡಿ 3 ಅಂಗುಲಕ್ಕೆ ಇಳಿಸಿ ಲೆಕ್ಕ ಹಾಕಿ. ಎಳೆಯುವ ಬಲ ಐದನೇ ಒಂದು ಭಾಗದಷ್ಟು ಜಾಸ್ತಿಯಾಗುತ್ತದೆ. ವೆಬ್ 1873ರಲ್ಲಿ ತಂದ ಕೋಲ್ ಇಂಜಿನ್ನಿಗೆ ಹಾಕಿದ್ದು ಅಂಥದ್ದೇ ಚಕ್ರ. ಅಂಥವು 500 ತಯಾರಾದವು. 1878ರಲ್ಲಿ ಅದರಲ್ಲೊಂದನ್ನು ಕ್ರೂನಲ್ಲಿ ಇಪ್ಪತ್ತೈದೂವರೆ ಗಂಟೆಯಲ್ಲಿ ಜೋಡಿಸಿ ತೋರಿಸಿದರು. ಅಂದರೆ ಡಿಎಕ್ಸ್ ಇನ್ನೂ ಹೊರಬರುತ್ತಿದ್ದಾಗಲೇ ಅದು ಸಾಲದು ಅಂತ ಮನೆಯವರಿಗೇ ಗೊತ್ತಾಗಿತ್ತು. ಬೇಗ ಕಟ್ಟೋಕೆ ಡಿಎಕ್ಸೇ ಆಗಬೇಕು ಅಂತಲೂ ಇರಲಿಲ್ಲ.

ಎರಡನೆಯದು ನನಗೆ ಇನ್ನೂ ಸೋಜಿಗದ ವಿಷಯ. ಸಿಲಿಂಡರ್ ಒಳಗಿದ್ದರೆ ಪಿಸ್ಟನ್ನಿನ ತಳ್ಳುವಿಕೆಯನ್ನು ಚಕ್ರದ ಅಚ್ಚೇ ಹೊರಬೇಕು. ಅದಕ್ಕೆ ಅಚ್ಚನ್ನು ಎರಡು ಕಡೆ ಮಡಚಿದ ಹಾಗೆ ಬಡಿದು ಮಾಡಬೇಕು. ಅದೇ ಕ್ರ್ಯಾಂಕ್ ಆಕ್ಸಲ್. ಪ್ರತಿ ಸುತ್ತಿಗೂ ಆ ಮಡಿಕೆಗಳಿಗೆ ಪೆಟ್ಟು. ಆ ಕಾಲದ ಕಬ್ಬಿಣಕ್ಕೆ ಅದು ಭಾರೀ ಪರೀಕ್ಷೆ. 1840ರ ಆಸುಪಾಸಿನಲ್ಲಿ ಈ ಅಚ್ಚುಗಳು ಮುರಿದು ಮುರಿದು ಬೇಸತ್ತೇ, ಇದೇ ಕಂಪನಿಯ ಹಿಂದಿನವರು ಸಿಲಿಂಡರನ್ನು ಹೊರಗೆ ತಂದು ನೇರ ಅಚ್ಚು ಹಾಕಿದ್ದರು. ಆ ಇಂಜಿನ್ನಿಗೆ ಕ್ರೂ ಟೈಪ್ ಅಂತಲೇ ಹೆಸರು ಬಿತ್ತು! ಆ ಪಾಠ ಕಲಿತ ಊರಿನಲ್ಲೇ ಮತ್ತೆ ಕ್ರ್ಯಾಂಕ್ ಆಕ್ಸಲ್ ಹಿಡಿದು 943 ಸಲ ಬಡಿದರು. ಸಿಲಿಂಡರ್ ಒಳಗಿದ್ದರೆ ಇಂಜಿನ್ ಅತ್ತಿತ್ತ ಓಲಾಡುವುದು ಕಡಿಮೆ, ನಿಜ. ಆದರೆ ಒಂದೇ ನಕ್ಷೆಯಲ್ಲಿ ಒಳ್ಳೆ ಉಪಾಯ ದಾಟಿದ ಹಾಗೆ ದೋಷವೂ ಅಷ್ಟೇ ಸಲೀಸಾಗಿ ದಾಟುತ್ತದೆ. ಪರ ಬರೆದವರು ಅರ್ಧ ಮಾತು ಹೇಳಿ ಬಿಟ್ಟಿದ್ದಾರೆ.

ಇನ್ನು ಅದರ ಮೇಲೆ ನಿಂತವರ ಪಾಡು. ಮೊದಮೊದಲು ಕ್ಯಾಬ್ ಅನ್ನೋದೇ ಇರಲಿಲ್ಲ. ಕಂಪನಿಯ ಹಾದಿಯಲ್ಲಿ ಉತ್ತರ ಇಂಗ್ಲೆಂಡಿನ ಶ್ಯಾಪ್ ಗುಡ್ಡವೂ ಇದೆ. ಜನವರಿ ರಾತ್ರಿ ಅಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಮುಂದೆ ಒಲೆಯ ಕಾವಿಗೆ ಮೊಣಕಾಲು ಸುಡುತ್ತದೆ, ಹಿಂದೆ ಬೆನ್ನಿಗೆ ಮಳೆ ಹೊಡೆಯುತ್ತದೆ. ಇಳಿಜಾರಿನಲ್ಲಿ ನಿಮ್ಮ ಕೈಯಲ್ಲಿರುವುದು ಟೆಂಡರಿನ, ಅಂದರೆ ಇಂಜಿನ್ನಿನ ಹಿಂದೆ ಕಲ್ಲಿದ್ದಲು-ನೀರು ಹೊರುವ ಗಾಡಿಯ, ತಿರುಗಿಸುವ ಬ್ರೇಕು. ಇನ್ನೊಂದು ಬ್ರೇಕು ರೈಲಿನ ಬಾಲದಲ್ಲಿ ಗಾರ್ಡ್ ಹತ್ತಿರ. ನಡುವೆ ಸಡಿಲ ಸರಪಳಿಯಲ್ಲಿ ನೇತುಬಿದ್ದ ವ್ಯಾಗನ್‌ಗಳ ಸಾಲು. ಅವುಗಳನ್ನು ನಿಲ್ಲಿಸೋಕೆ ಡ್ರೈವರ್‌ಗೆ ದಾರಿಯೇ ಇಲ್ಲ. ಸೀಟಿ ಊದಬೇಕು, ಗಾರ್ಡ್‌ಗೆ ಕೇಳಿಸಲಿ ಅಂತ ಕಾಯಬೇಕು. ಇಳಿಜಾರು ಕಡಿದಾಗಿದ್ದರೆ ಮೇಲೆಯೇ ರೈಲು ನಿಲ್ಲಿಸಿ, ಒಂದೊಂದೇ ವ್ಯಾಗನ್ನಿನ ಪಕ್ಕಕ್ಕೆ ಹೋಗಿ ಬ್ರೇಕ್ ಸನ್ನೆ ಒತ್ತಿ ಗೂಟ ಸಿಕ್ಕಿಸಬೇಕು. ಇದು ಆ ಕಾಲದ ಎಲ್ಲ ಗೂಡ್ಸ್ ರೈಲಿನ ಪಾಡು, ಡಿಎಕ್ಸ್ ಒಂದರದ್ದೇ ತಪ್ಪಲ್ಲ. ಆದರೆ ಸುಧಾರಣೆ ಮಾಡಬೇಕಾದ ಕಾಲದಲ್ಲಿ ನೂರಾರು ಹಳೇ ಇಂಜಿನ್ ಅಂಗಳದಲ್ಲಿ ನಿಂತಿದ್ದರೆ ಯಾವ ಕಂಪನಿಗೆ ಆತುರ ಇರುತ್ತದೆ? ವೆಬ್ ಅವರ ಆ 500ಕ್ಕೆ ಹೊಸ ಬ್ರೇಕ್ ಹಾಕಿ ಮುಗಿಸೋಕೆ ಹದಿನೇಳು ವರ್ಷ ಹಿಡಿಯಿತು.

ಅಗ್ಗದ ಇಂಜಿನ್ನಿನ ಕೊನೆಯೂ ವಿಚಿತ್ರ. 943ರಲ್ಲಿ 86 ಪಕ್ಕದ ಲಂಕಾಷೈರ್ ಅಂಡ್ ಯಾರ್ಕ್‌ಷೈರ್ ರೈಲ್ವೆಗೆ ಹೋದವು. ಖಾಸಗಿ ಇಂಜಿನ್ ಕಂಪನಿಗಳಿಗೆ ಇದು ಹೊಟ್ಟೆ ಮೇಲೆ ಹೊಡೆದ ಹಾಗೆ. ಅವು ಒಂದಾಗಿ ಕೋರ್ಟಿಗೆ ಹೋದವು. 1876ರಲ್ಲಿ ತಡೆಯಾಜ್ಞೆ ಬಂತು: ರೈಲ್ವೆ ಕಂಪನಿ ತನಗೆ ಬೇಕಾದ್ದನ್ನು ಮಾತ್ರ ಕಟ್ಟಿಕೊಳ್ಳಬೇಕು, ಹೊರಗೆ ಮಾರುವ ಹಾಗಿಲ್ಲ. ಕ್ರೂನ ಅಚ್ಚುಕಟ್ಟು ಕ್ರೂನಲ್ಲೇ ಉಳಿಯಿತು. ಬ್ರಿಟನ್ನಿನ ಪ್ರತಿ ಕಂಪನಿಯೂ ತನ್ನದೇ ನಕ್ಷೆ, ತನ್ನದೇ ನಟ್ಟು ಅಂತ ಮುಂದುವರಿಯಿತು. ಭಾರತದ ರೈಲ್ವೆಗಳು ಬೇಯರ್ ಪೀಕಾಕ್, ನೀಲ್ಸನ್, ಕಿಟ್ಸನ್ ತರಹದ ಖಾಸಗಿಯವರಿಂದಲೇ ಇಂಜಿನ್ ತರಿಸಿಕೊಂಡವು.

ಈಗ ಆ 943ರಲ್ಲಿ ಒಂದೂ ಉಳಿದಿಲ್ಲ. ಕ್ರೂ ಟೈಪ್‌ನ 1845ರ ಕೊಲಂಬೈನ್ ಇದೆ. ಕಾರ್ಖಾನೆ ಅಂಗಳದಲ್ಲಿ 18 ಅಂಗುಲದ ಹಳಿಯ ಮೇಲೆ ಬಿಡಿಭಾಗ ಸಾಗಿಸುತ್ತಿದ್ದ, ರಾಮ್ಸ್‌ಬಾಟಮ್ ಅವರೇ 1865ರಲ್ಲಿ ಮಾಡಿಸಿದ ಪೆಟ್ ಎಂಬ ಪುಟಾಣಿ ಇಂಜಿನ್ ಕೂಡ ಇದೆ.