ನಾಟಿ ಹುಂಜದ ಚೀನಾ ಯಾತ್ರೆ

ದೊಡ್ಡಮ್ಮ ಮೂಡಿಗೆರೆಯಿಂದ ಬಂದರೆಂದರೆ ಅವರ ಕೈಚೀಲದಲ್ಲಿ ಏನಾದರೊಂದು ಅಲ್ಲಾಡುತ್ತಿರುತ್ತದೆ. ಈ ಸಲ ಅಲ್ಲಾಡಿದ್ದು ಹುಂಜ. ಎರಡು ವರ್ಷ ಅಂಗಳ ಆಳಿದ ಹುಂಜವಂತೆ.

"ಸಾರು ಮಾಡಿ, ಕಡುಬು ನಾನು ಬೇಯಿಸ್ತೀನಿ" ಅಂದರು. ನನಗೋ ಆ ಭಾನುವಾರ ಕುಂಗ್ ಪಾವ್ ಚಿಕನ್ ಮಾಡಿಯೇ ತೀರುವ ಹುಚ್ಚು. ಸೋಯಾ ಸಾಸು, ವಿನೆಗರ್, ಕಾರ್ನ್‌ಫ್ಲೋರ್ ಎಲ್ಲ ತಂದಾಗಿತ್ತು. ಬ್ರಾಯ್ಲರ್ ತರುವುದೊಂದು ಬಾಕಿ. ಮನೆಯಲ್ಲೇ ಕೋಳಿ ಇರುವಾಗ ಅಂಗಡಿಗೆ ಯಾರು ಹೋಗುತ್ತಾರೆ?

"ಅದೆಂಥದೋ ಅದು?"

"ಸಿಚುವಾನ್ ಕಡೆ ಅಡುಗೆ ದೊಡ್ಡಮ್ಮ. ಡಿಂಗ್ ಬಾವೋಝೆನ್ ಅಂತ ಅಲ್ಲಿ ಗವರ್ನರ್ ಆಗಿದ್ರು. ಅವರ ಬಿರುದನ್ನೇ ಇದಕ್ಕೆ ಇಟ್ಟಿರೋದು. 1886ರಲ್ಲಿ ತೀರಿಕೊಂಡ್ರು."

"ಇದನ್ನ ತಿಂದಾ?"

ಮೂಳೆ ಬಿಡಿಸುವುದಕ್ಕೇ ಒಂದು ಗಂಟೆ ಹಿಡಿಯಿತು. ಬೆರಳ ತುದಿಯಷ್ಟು ಚೌಕದ ತುಂಡುಗಳಾಗಬೇಕಿತ್ತು. ಆದದ್ದು ಬೇರೆ ಬೇರೆ ತಾಲ್ಲೂಕುಗಳ ನಕ್ಷೆ. ಮೂಳೆಗಳನ್ನು ಅಮ್ಮ ಮಾತಿಲ್ಲದೆ ಎತ್ತಿಕೊಂಡು ಹೋದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಈ ಅಡುಗೆಗೆ ಹುಆಜಿಯಾವ್ ಅನ್ನುವ ಕಾಳು ಬೇಕು, ನಾಲಿಗೆ ಜುಮ್ಮೆನ್ನಿಸುತ್ತದೆ. ಚಿಕ್ಕಮಗಳೂರಿನಲ್ಲಿ ಅದನ್ನೆಲ್ಲಿ ಹುಡುಕಲಿ? ಆದರೆ ಮೀನು ಸಾರಿಗೆ ಹಾಕುವ ನಮ್ಮ ಜುಮ್ಮನಕಾಯಿ ಅದರದೇ ಕುಲದ್ದು. ಡಬ್ಬಿಯಿಂದ ಒಂದು ಹಿಡಿ ತೆಗೆದೆ. ಒಳಗಿನ ಕರಿ ಬೀಜ ಬಿಸಾಡಿ ಸಿಪ್ಪೆ ಮಾತ್ರ ಹಾಕಬೇಕೆಂಬುದು ನೆನಪಾದದ್ದು ಊಟದ ಹೊತ್ತಿಗೆ.

ಕಾದ ಎಣ್ಣೆಗೆ ಒಣಮೆಣಸಿನಕಾಯಿ ಬಿತ್ತು. ಬಣ್ಣ ಜಾಸ್ತಿ, ಖಾರ ಕಡಿಮೆ ಇರುವ ಬ್ಯಾಡಗಿ ಹಾಕಿದ್ದರೆ ಬಚಾವಾಗುತ್ತಿದ್ದೆ. ಹಾಕಿದ್ದು ಗುಂಟೂರು. ಎದ್ದ ಘಾಟಿಗೆ ಅಪ್ಪ ಪೇಪರ್ ಸಮೇತ ಗೇಟು ದಾಟಿದರು. ಪಕ್ಕದ ಮನೆಯವರು ಸೀನಿದ್ದು ನನಗೆ ಎಣಿಸುವಷ್ಟು ಸ್ಪಷ್ಟವಾಗಿ ಕೇಳಿಸಿತು.

ಮಾಂಸವನ್ನು ಸ್ವಲ್ಪ ಸ್ವಲ್ಪವೇ ಹಾಕಿ, ದೊಡ್ಡ ಉರಿಯಲ್ಲಿ ಸರಸರ ಬಾಡಿಸಬೇಕು. ನಾನು ಕೆಮ್ಮುತ್ತಾ ಎಲ್ಲವನ್ನೂ ಒಮ್ಮೆಗೇ ಸುರಿದೆ. ಬಾಣಲೆ ತಣ್ಣಗಾಗಿ ಮಾಂಸ ನೀರು ಬಿಟ್ಟು ಕೊತಕೊತ ಕುದಿಯಿತು. ಐದು ನಿಮಿಷದಲ್ಲಿ ಬೇಯುವುದು ಎಳೆಯ ಬ್ರಾಯ್ಲರ್. ಈ ಹುಂಜಕ್ಕೆ ಇಪ್ಪತ್ತು ನಿಮಿಷವಾದರೂ ಜಿಗುಟು ಇಳಿಯಲಿಲ್ಲ. ಕೊನೆಗೆ ಗರಿಗರಿಯಾಗಿ ಸೇರಬೇಕಾದ ಹುರಿದ ಕಡ್ಲೆಬೀಜವನ್ನು ಗಾಬರಿಯಲ್ಲಿ ಮೊದಲೇ ಹಾಕಿಬಿಟ್ಟಿದ್ದೆ. ಅದು ಮಾತ್ರ ಬೆಣ್ಣೆಯಂತೆ ಬೆಂದಿತ್ತು.

ದೊಡ್ಡಮ್ಮ ಒಂದು ತುಂಡನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಸಾಗಿಸಿದರು. "ಆ ಗವರ್ನರಿಗೆ ಹಲ್ಲು ಗಟ್ಟಿ ಇತ್ತು ಮಾರಾಯ."

ಅಷ್ಟರಲ್ಲಿ ಅಮ್ಮ ಕುಕ್ಕರಿನ ಮುಚ್ಚಳ ತೆಗೆದರು. ಬೆಳಿಗ್ಗೆ ಮಾಯವಾದ ಮೂಳೆ, ತೊಡೆಯ ಎರಡು ತುಂಡು, ತೆಂಗಿನಕಾಯಿ ಮಸಾಲೆ ಸೇರಿ ಸಾರಾಗಿ ಕೂತಿದ್ದವು. ತೊಡೆ ಯಾವಾಗ ಎಗರಿಸಿದರೋ ಕಾಣೆ. ಹಬೆಯಾಡುವ ಕಡುಬೂ ಬಂತು.

ನನ್ನ ಬಾಣಲೆಗೆ ನಿಷ್ಠರಾಗಿ ಉಳಿದವರು ಅಪ್ಪ ಒಬ್ಬರೇ. ಮಗ ಮಾಡಿದ್ದಾನೆಂದು ಜುಮ್ಮನಕಾಯಿಯನ್ನೂ ಬಿಡದೆ ಅಗಿದರು. ಊಟದ ಬೆನ್ನಿಗೇ ಕಾಫಿ ಕುಡಿಯುವುದು ಅವರ ಅಭ್ಯಾಸ. ಲೋಟ ಕೆಳಗಿಟ್ಟು ಅಮ್ಮನ ಕಡೆ ತಿರುಗಿದರು.

"ಸಕ್ಕರೆ ಹಾಕಿಲ್ವೇನೇ?"

"ಎರಡು ಚಮಚ ಹಾಕಿದೀನಿ."

ಅಪ್ಪ ನಾಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. "ಇದೆ" ಅಂದರು.