ಕಣಿವೆಯಲ್ಲಿ ಕಳೆದ ಒಂದು ಗಂಟೆ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನನ್ನೊಡನೆ ನಡೆಯುವ ಗೆಳೆಯರು, ನಾನು ಅಮೆರಿಕದಿಂದ ಮರಳಿದ ದಿನದಿಂದಲೂ, ಅರಿಜೋನಾದ ಮರುಭೂಮಿ ಹೇಗಿತ್ತು, ಅಲ್ಲಿನ ಕಣಿವೆಗಳು ಚಿತ್ರಗಳಲ್ಲಿ ಕಾಣುವಷ್ಟೇ ಕೆಂಪಗಿವೆಯೇ ಎಂದು ಕೇಳುತ್ತಲೇ ಇದ್ದಾರೆ. ಕೆಂಪಗೇನೋ ಇವೆ. ಆದರೆ ಆ ದಿನವನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬಂದು ನಿಲ್ಲುವುದು ಬಂಡೆಯಲ್ಲ, ಗಡಿಯಾರ.

ನನ್ನ ಕೈಗಡಿಯಾರ 1984ರಲ್ಲಿ ಮೊದಲ ಸಂಬಳದಲ್ಲಿ ಕೊಂಡ ಎಚ್‌ಎಂಟಿ ಜನತಾ. ದಿನವೂ ಕಾಫಿ ಕುಡಿದ ಮೇಲೆ ಅದಕ್ಕೆ ಕೀ ಕೊಡುತ್ತೇನೆ. ಕೀ ಕೊಟ್ಟರೆ ಸುಮ್ಮನಿರುತ್ತದೆ. ಮುಳ್ಳು ತಿರುಗಿಸೋಣವೆಂದು ಎಳೆದರೆ ಮಾತ್ರ ಆ ಕೀ ಕೈಗೇ ಕಿತ್ತುಕೊಂಡು ಬರುತ್ತದೆ. ಹೀಗಾಗಿ ಫೀನಿಕ್ಸ್‌ನಲ್ಲಿ ಇಳಿದ ಮೇಲೂ ಅದು ಮೈಸೂರಿನ ಸಮಯವನ್ನೇ ತೋರಿಸುತ್ತಿತ್ತು. ಇದರಿಂದ ನನಗೇನೂ ತೊಂದರೆಯಾಗಲಿಲ್ಲ. ನಾವು ಅರಿಜೋನಾಕ್ಕಿಂತ ಹನ್ನೆರಡೂವರೆ ಗಂಟೆ ಮುಂದಿದ್ದೇವೆ. ಮುಳ್ಳಿನ ಗಡಿಯಾರಕ್ಕೆ ಹನ್ನೆರಡು ಗಂಟೆಯ ವ್ಯತ್ಯಾಸ ವ್ಯತ್ಯಾಸವೇ ಅಲ್ಲ. ಉಳಿದ ಅರ್ಧ ಗಂಟೆಯನ್ನು ಮನಸ್ಸಿನಲ್ಲೇ ಕಳೆದುಕೊಂಡರೆ ಮುಗಿಯಿತು. ಈ ಲೆಕ್ಕವನ್ನು ಮಗಳಿಗೂ ಅಳಿಯನಿಗೂ ವಿವರಿಸಿದಾಗ ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು.

ಮೇ ತಿಂಗಳ ಒಂದು ಶನಿವಾರ ಫ್ಲ್ಯಾಗ್‌ಸ್ಟಾಫ್‌ನಿಂದ ಪೇಜ್ ಎಂಬ ಊರಿಗೆ ಹೋಗಿ, ಆಂಟಿಲೋಪ್ ಕಣಿವೆಯನ್ನು ನೋಡಿ, ಸಂಜೆಗೆ ಮರಳುವುದೆಂದು ತೀರ್ಮಾನವಾಯಿತು. ಕಣಿವೆಯ ಟಿಕೆಟ್ಟು ಹನ್ನೊಂದು ಗಂಟೆಗೆ. ಅರ್ಧ ಗಂಟೆ ಮೊದಲೇ ಹಾಜರಿರಬೇಕು. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲೇ ಒಂಟಿಕೊಪ್ಪಲ್ ಪಂಚಾಂಗವನ್ನು ತಂದಿದ್ದ ನನ್ನ ಹೆಂಡತಿ, ಶನಿವಾರ ಒಂಬತ್ತರಿಂದ ಹತ್ತೂವರೆಯವರೆಗೆ ರಾಹುಕಾಲವೆಂದು ಹಿಂದಿನ ರಾತ್ರಿಯೇ ಘೋಷಿಸಿದ್ದಳು. ಆದ್ದರಿಂದ ಪುಳಿಯೋಗರೆಯ ಡಬ್ಬಿ, ಕೋಡುಬಳೆಯ ಪೊಟ್ಟಣಗಳ ಸಮೇತ ಏಳೂ ನಲವತ್ತಕ್ಕೇ ಹೊರಟೆವು.

ಫ್ಲ್ಯಾಗ್‌ಸ್ಟಾಫ್‌ನ ಪೈನ್ ಮರಗಳು ಹಿಂದೆ ಸರಿದು ನೆಲ ಬೋಳಾಗುತ್ತ, ಗುಡ್ಡಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತ ಹೋದವು. ಕ್ಯಾಮರಾನ್ ಎಂಬಲ್ಲಿ ಕಾಫಿಗೆಂದು ಕಾರು ನಿಲ್ಲಿಸಿದಾಗ ನನ್ನ ಗಡಿಯಾರದಲ್ಲಿ ಒಂಬತ್ತೂ ಐದು, ಅಂದರೆ ಎಂಟೂ ಮೂವತ್ತೈದು. ಅಷ್ಟರಲ್ಲಿ ಮಗಳು ಫೋನು ನೋಡಿ, "ಅಯ್ಯೋ, ಒಂಬತ್ತೂ ಮೂವತ್ತೈದು!" ಎಂದು ಕಿರುಚಿದಳು. ಅಳಿಯನ ಫೋನೂ ಅದನ್ನೇ ಹೇಳಿತು. ಪೇಜ್ ಇನ್ನೂ ನೂರ ಮೂವತ್ತು ಕಿಲೋಮೀಟರ್ ದೂರವಿತ್ತು. ನನ್ನ ಹೆಂಡತಿಯ ಗಾಬರಿ ಬೇರೆಯೇ ಬಗೆಯದು. "ಎಂಟೂವರೆಗೆ ಗಾಡಿ ನಿಲ್ಲಿಸಿದ್ವಿ. ಚಕ್ರ ಒಂದು ಸುತ್ತೂ ಉರುಳಿಲ್ಲ, ರಾಹುಕಾಲದ ಮಧ್ಯದಲ್ಲಿದ್ದೀವಲ್ಲ!"

ನಾನು ಗಡಿಯಾರ ತೋರಿಸಿದೆ. "ಅಪ್ಪಾ, ಈಗ ಅದನ್ನ ಒಳಗಿಡಿ" ಎಂದಳು ಮಗಳು. ಕಾಫಿಯಿಲ್ಲ, ಶೌಚಾಲಯವಿಲ್ಲ. ಜಗತ್ತಿನ ಜನರೆಲ್ಲ ದುಡ್ಡು ಖರ್ಚು ಮಾಡಿಕೊಂಡು ಬಂದು ನೋಡುವ ಆ ಬಣ್ಣಬಣ್ಣದ ಮರುಭೂಮಿಯನ್ನು ನಾವು, ಮದುವೆಯ ಮುಹೂರ್ತ ಮೀರಿದ ದಿಬ್ಬಣದವರಂತೆ, ರಸ್ತೆಯನ್ನೊಂದನ್ನೇ ನೋಡುತ್ತ ದಾಟಿದೆವು.

ಕಣಿವೆಯ ಕಚೇರಿಗೆ ಓಡಿಕೊಂಡು ಹೋದಾಗ ಅಲ್ಲಿನ ಮೂಲನಿವಾಸಿಗಳಾದ ನವಾಹೊ ಬುಡಕಟ್ಟಿನ ಹುಡುಗಿಯೊಬ್ಬಳು ಗೋಡೆಯ ಗಡಿಯಾರದತ್ತ ಬೆರಳು ಮಾಡಿದಳು. ಒಂಬತ್ತೂ ಐವತ್ತೈದು. ನಾವು ಬೇಕಾದ್ದಕ್ಕಿಂತ ಬಹಳ ಬೇಗ ಬಂದಿದ್ದೆವು. ಅವಳು ದಿನಕ್ಕೆ ಎಷ್ಟು ಸಲ ಈ ಪಾಠ ಒಪ್ಪಿಸುತ್ತಾಳೋ ಏನೋ, ನಗುತ್ತಲೇ ವಿವರಿಸಿದಳು. ಬೇಸಿಗೆಯಲ್ಲಿ ಅಮೆರಿಕದ ಬಹುಪಾಲು ರಾಜ್ಯಗಳು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡರೆ, ಅರಿಜೋನಾ 1968ರಿಂದ ಈ ಪದ್ಧತಿಯನ್ನು ಕೈಬಿಟ್ಟಿದೆ. ಬಿಸಿಲೇ ಸಾಕಪ್ಪಾ ಎನ್ನುವ ನಾಡಿನವರು ಸಂಜೆಯ ಬಿಸಿಲನ್ನು ಇನ್ನೂ ಒಂದು ಗಂಟೆ ಉಳಿಸಿಕೊಂಡು ಮಾಡುವುದಾದರೂ ಏನು? ಆದರೆ ನಾವು ದಾಟಿ ಬಂದ ನವಾಹೊ ಜನರ ನೆಲ ಮೂರು ರಾಜ್ಯಗಳಲ್ಲಿ ಹರಡಿರುವುದರಿಂದ, ಎಲ್ಲ ಕಡೆಗೂ ಒಂದೇ ಸಮಯವಿರಲೆಂದು ಅವರು ಗಡಿಯಾರ ತಿರುಗಿಸಿಕೊಳ್ಳುತ್ತಾರೆ. ಆ ನೆಲದ ನಡುವೆ ಇರುವ ಹೋಪಿ ಎಂಬ ಇನ್ನೊಂದು ಬುಡಕಟ್ಟಿನ ಜನರು ಮತ್ತೆ ತಿರುಗಿಸಿಕೊಳ್ಳುವುದಿಲ್ಲ. "ಉದ್ದಿನವಡೆ ಇದ್ದಂಗೆ ಅತ್ತೆ, ಮಧ್ಯದ ತೂತು ಹೋಪಿ" ಎಂದು ಅಳಿಯ ನನ್ನ ಹೆಂಡತಿಗೆ ಅರ್ಥ ಮಾಡಿಸಿದ. ಇಷ್ಟು ಸಾಲದೆಂಬಂತೆ ಈ ಕಣಿವೆ ಇರುವುದು ನವಾಹೊ ನೆಲದಲ್ಲಿ, ಪ್ರವಾಸಿಗರನ್ನು ಒಳಗೆ ಬಿಡುವುದು ಮಾತ್ರ ಅರಿಜೋನಾ ಸಮಯಕ್ಕೆ.

ಸಿಕ್ಕ ಬಿಡುವಿನಲ್ಲಿ ಹತ್ತಿರದ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ನೋಡಿಬರೋಣವೆಂದು ಹೊರಟೆವು. "ಇನ್ನು ಮೋಸ ಹೋಗಲ್ಲ, ಫೋನ್ ಏನು ತೋರಿಸಿದರೂ ಒಂದು ಗಂಟೆ ಕಳೆಯೋದು" ಎಂದು ಮಗಳು ಸೂತ್ರ ಹಾಕಿಕೊಟ್ಟಳು.

ಪಾಂಡವಪುರದ ಕಡೆಯವನಾದ ನನ್ನ ಅಳಿಯನಿಗೆ ಅಣೆಕಟ್ಟು ಕಂಡರೆ ಕಾಲು ಮುಂದಕ್ಕೆ ಬರುವುದಿಲ್ಲ. 1966ರಲ್ಲಿ ಮುಗಿದ ಆ ಗೋಡೆ 710 ಅಡಿ ಎತ್ತರವಿದೆ. "ನಮ್ಮ ಕನ್ನಂಬಾಡಿ ನೂರಮೂವತ್ತು ಅಡಿ ಅಷ್ಟೇಯ ಮಾವ, ಆದ್ರೆ ಆ ಕಳೆ ಇದಕ್ಕಿಲ್ಲ ಬುಡಿ" ಎಂದು ಮೊದಲು ನ್ಯಾಯ ತೀರ್ಮಾನ ಮಾಡಿದ. ಬಳಿಕ ಜಲಾಶಯದ ಬಂಡೆಗಳ ಮೇಲೆ, ಹಿಂದೆ ನೀರು ಎಲ್ಲಿಯವರೆಗೆ ನಿಂತಿತ್ತೆಂದು ತೋರಿಸುವ ಬಿಳಿಯ ಪಟ್ಟಿ ಅವನ ಕಣ್ಣಿಗೆ ಬಿತ್ತು. ಮಂಡ್ಯ ಜಿಲ್ಲೆಯವನಿಗೆ ಜಲಾಶಯದ ಮಟ್ಟ ಇಳಿದದ್ದು ಕಂಡ ಮೇಲೆ ಬೇರೆ ಮಾತು ಉಂಟೇ? ಕೊಲರಾಡೋ ನದಿಯನ್ನು ಏಳು ರಾಜ್ಯಗಳು ಹಂಚಿಕೊಂಡ ಒಪ್ಪಂದ 1922ರದ್ದು, ನಮ್ಮ ಕಾವೇರಿಯ ಒಪ್ಪಂದ 1924ರದ್ದು, ಎರಡು ಕಡೆಯೂ ಜಗಳ ಇನ್ನೂ ಮುಗಿದಿಲ್ಲ ಎಂದು ಆರಂಭವಾದ ಭಾಷಣ ಕನ್ನಂಬಾಡಿಯ ಗರಿಷ್ಠ ನೀರಿನ ಮಟ್ಟವಾದ 124.80 ಅಡಿಯನ್ನು ಮುಟ್ಟಿ, ಬೇಸಿಗೆ ಬೆಳೆಗೆ ನೀರು ಬಿಡುವ ವಿಚಾರಕ್ಕೆ ತಿರುಗಿತು. ಪುಳಿಯೋಗರೆಯ ಡಬ್ಬಿ ಬರಿದಾಯಿತು. ಮಗಳು ಫೋನು ನೋಡಿದಳು. "ಹನ್ನೊಂದೂ ಕಾಲು. ಒಂದು ಗಂಟೆ ಕಳೆದರೆ ಹತ್ತೂ ಕಾಲು."

ನನ್ನ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲಾಗಿತ್ತು. "ನನ್ನ ಲೆಕ್ಕದಲ್ಲಿ ಈಗ ನಿಜವಾಗಿಯೂ ಹನ್ನೊಂದೂ ಕಾಲು ಕಣಮ್ಮ. ಇಷ್ಟೆಲ್ಲ ಕಾವೇರಿ ಇಪ್ಪತ್ತು ನಿಮಿಷದಲ್ಲಿ ಹರಿಯುತ್ತಾ?" ಎಂದೆ. ಪೇಜ್ ಪೇಟೆಯೊಳಗೆ ಬಂದೊಡನೆ ಫೋನುಗಳು ಸದ್ದಿಲ್ಲದೆ ಅರಿಜೋನಾ ಸಮಯಕ್ಕೆ ಮರಳಿದ್ದವು. ಸರಿಯಾಗಿದ್ದ ಸಮಯದಿಂದ ನಾವು ಇನ್ನೊಂದು ಗಂಟೆ ಕಳೆದಿದ್ದೆವು. ಈ ಜ್ಞಾನೋದಯವಾದದ್ದು ಹನ್ನೊಂದೂ ಇಪ್ಪತ್ತೈದಕ್ಕೆ, ಅದೇ ಹುಡುಗಿಯ ಮುಂದೆ ನಿಂತಾಗ. ಈ ಬಾರಿ ಅವಳು ನಗಲಿಲ್ಲ. ಆದರೆ ಪುಣ್ಯಾತ್ಗಿತ್ತಿ, ಹನ್ನೆರಡರ ತಂಡದಲ್ಲಿ ನಾಲ್ಕು ಜನಕ್ಕೆ ಜಾಗ ಮಾಡಿಕೊಟ್ಟಳು.

ಒಳಗೆ ಚೀಲ ಒಯ್ಯುವಂತಿಲ್ಲವೆಂದಾಗ ನಾನು ಕೋಡುಬಳೆಗಳನ್ನು ಪ್ಯಾಂಟಿನ ಎರಡು ಜೇಬುಗಳಿಗೂ ತುಂಬಿಕೊಂಡೆ. ಕಡಿದಾದ ಕಬ್ಬಿಣದ ಮೆಟ್ಟಿಲುಗಳನ್ನು ಇಳಿದರೆ ನೆಲದಲ್ಲಿನ ಒಂದು ಬಿರುಕಿನೊಳಗೆ ನಿಂತಿರುತ್ತೇವೆ. ಮರಳುಗಲ್ಲಿನ ಗೋಡೆಗಳು ಹಿಂಡಿ ಹರವಿದ ಸೀರೆಯ ನೆರಿಗೆಯಂತೆ ಬಾಗಿ ಬಳುಕಿ ಮೇಲಕ್ಕೆ ಹೋಗಿವೆ. ತುದಿಯಲ್ಲಿ ಒಂದು ಎಳೆ ಆಕಾಶ. ಎಲ್ಲೋ ದೂರದಲ್ಲಿ ಬಿದ್ದ ಮಳೆ ಇಲ್ಲಿ ದಿಢೀರ್ ಪ್ರವಾಹವಾಗಿ ನುಗ್ಗಿ ಕಲ್ಲನ್ನು ಹೀಗೆ ಕೊರೆದದ್ದೆಂದೂ, 1997ರ ಆಗಸ್ಟ್‌ನಲ್ಲಿ ಹಾಗೆ ನುಗ್ಗಿದ ನೀರು ಹನ್ನೊಂದು ಪ್ರವಾಸಿಗರ ಪ್ರಾಣ ತೆಗೆದಿತ್ತೆಂದೂ ಮಾರ್ಗದರ್ಶಿ ಹೇಳಿದ. ನನ್ನ ಹೆಂಡತಿ ಆ ಎಳೆ ಆಕಾಶವನ್ನು ಬಹಳ ಹೊತ್ತು ದಿಟ್ಟಿಸಿ, "ಇದನ್ನ ಮೇಲಿರುವಾಗಲೇ ಹೇಳಬಾರದಿತ್ತೇ" ಎಂದಳು. ಗೋಡೆಗಳು ಇನ್ನಷ್ಟು ಒತ್ತಿಕೊಂಡ ಕಡೆ ಅಡ್ಡಡ್ಡವಾಗಿ ನುಸುಳುವಾಗ ನನ್ನ ತೊಡೆಯ ಬಳಿ ಕಟಕಟ ಸದ್ದಾಯಿತು. ಮುಂದಿದ್ದ ಬಿಳಿಯ ಅಜ್ಜಿ ಮೂಳೆ ಮುರಿಯಿತೆಂದು ಭಾವಿಸಿ ನನ್ನ ಮೊಣಕೈ ಹಿಡಿದುಕೊಂಡಳು. ಜೇಬಿನಿಂದ ಹಿಡಿ ಪುಡಿ ತೆಗೆದು ತೋರಿಸಿದ ಮೇಲೂ ಆಕೆಗೆ ಸಮಾಧಾನವಾದಂತೆ ಕಾಣಲಿಲ್ಲ.

ಆಮೇಲೆ ಹಾರ್ಸ್‌ಶೂ ಬೆಂಡ್‌ನಲ್ಲಿ ಕೊಲರಾಡೋ ಲಾಳದಾಕಾರದಲ್ಲಿ ತಿರುಗುವುದನ್ನು ಸಾವಿರ ಅಡಿ ಮೇಲಿನಿಂದ ಇಣುಕಿ ನೋಡಿ, ಬಿಸಿಲಿಗೆ ಬಾಡಿ, ಐದಕ್ಕೆ ಹೊರಟೆವು. ಬೆಳಿಗ್ಗೆ ತಪ್ಪಿದ ಕಾಫಿಯನ್ನು ಕುಡಿದೇ ಹೋಗೋಣವೆಂದು ಕ್ಯಾಮರಾನ್‌ನಲ್ಲಿ ಇಳಿದಾಗ ನನ್ನ ಹೆಂಡತಿಗೆ ಕುವೆಂಪುನಗರದ ತಂಗಿಯ ನೆನಪಾಗಿ ಫೋನು ಹಚ್ಚಿದಳು. "ಅಲ್ಲೀಗ ಗಂಟೆ ಎಷ್ಟಕ್ಕಾ?" ಎಂಬ ದನಿ ನಮಗೆಲ್ಲ ಕೇಳಿಸಿತು. ಆರೂವರೆ ಎಂದಳು ಮಗಳು. ಏಳೂವರೆ ಅಲ್ಲವೇ ಎಂದ ಅಳಿಯ. ಆಗಲೇ ನನಗೆ ಹೊಳೆದದ್ದು: ಅರಿಜೋನಾಕ್ಕೂ ನವಾಹೊಗೂ ಸರಿಯಾಗಿ ನಟ್ಟನಡುವೆ, ಎರಡಕ್ಕೂ ಅರ್ಧರ್ಧ ಗಂಟೆಯ ಅಂತರದಲ್ಲಿ ನಿಂತಿತ್ತು ನನ್ನ ಎಚ್‌ಎಂಟಿ. ನನ್ನ ಹೆಂಡತಿ ಮಾತಾಡದೆ ನನ್ನ ಮುಂಗೈಯನ್ನು ತನ್ನತ್ತ ಎಳೆದುಕೊಂಡು ನೋಡಿ, ಫೋನಿನಲ್ಲಿ ಗಟ್ಟಿಯಾಗಿ "ಏಳು" ಎಂದಳು.

"ಎದ್ದು ಕಾಫಿ ಕುಡಿದೂ ಆಯ್ತಕ್ಕಾ" ಎಂದಳು ತಂಗಿ.