ಪತ್ತಿನ ಸಂಘಕ್ಕೆ ಪೌಂಡು ಬಂದದ್ದು

ಗಂಗಾವತಿಯ ನಮ್ಮ ಪತ್ತಿನ ಸಹಕಾರಿ ಸಂಘದಲ್ಲಿ ಕಂಪ್ಯೂಟರುಗಳು ಎರಡು, ಅವುಗಳ ಮೇಲೆ ಹಕ್ಕು ಸಾಧಿಸುವವರು ಆರು ಜನ. ಬಹುಕಾಲ ಎಲ್ಲರಿಗೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್. ಅದು ಎದುರಿನ ಚಹಾ ಅಂಗಡಿಯವನಿಗೂ ಗೊತ್ತಿತ್ತು ಎಂಬುದು ಬೇರೆ ಮಾತು. ಜಗಳವೇನಿದ್ದರೂ ಪರದೆಯ ಮೇಲಿನ ಚಿತ್ರದ್ದು. ಬೆಳಿಗ್ಗೆ ಕಾರ್ಯದರ್ಶಿಗಳು ಹಾಕಿದ್ದ ಅಂಜನಾದ್ರಿ ಬೆಟ್ಟ ಮಧ್ಯಾಹ್ನದ ಹೊತ್ತಿಗೆ ಕ್ಯಾಶಿಯರ್ ಮೇಡಂ ಅವರ ಮೊಮ್ಮಗನಾಗಿ ಬದಲಾಗಿರುತ್ತಿತ್ತು.

ಈ ಸಲ ಬಂದ ಲೆಕ್ಕಪರಿಶೋಧಕರು, "ಯಾವ ಅಂಕಿಯನ್ನು ಯಾರು ತಿದ್ದಿದರು ಎಂದು ಹೀಗಾದರೆ ಹೇಗೆ ಗೊತ್ತಾಗಬೇಕು?" ಎಂದು ಕೇಳಿದರು. ಗೊತ್ತಾಗದೆ ಇದ್ದದ್ದರಿಂದಲೇ ಅಲ್ಲವೇ ಇಷ್ಟು ವರ್ಷ ನೆಮ್ಮದಿಯಾಗಿದ್ದದ್ದು ಎಂಬ ಭಾವ ಹಿರಿಯ ಗುಮಾಸ್ತರ ಮುಖದಲ್ಲಿ ಹಾದುಹೋಯಿತು. ಅಂತೂ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ, ಜೊತೆಗೆ ಪತ್ರ-ಪಟ್ಟಿಗಳಿಗೆ ಹೊಸದಾಗಿ ಲಿಬ್ರೆ ಆಫೀಸ್ ಎಂಬ ತಂತ್ರಾಂಶ ಎಂದು ತೀರ್ಮಾನವಾಯಿತು. ಪುಕ್ಕಟೆ ಎಂದು ಕೇಳಿದ ಕೂಡಲೇ ಆಡಳಿತ ಮಂಡಳಿ ಒಪ್ಪಿತು. ಒಬ್ಬ ನಿರ್ದೇಶಕರಿಗೆ ಮಾತ್ರ ಅನುಮಾನ: ಪುಕ್ಕಟೆ ಕೊಡುವವರು ಯಾರಪ್ಪಾ? 2010ರಲ್ಲಿ ಅಂಥದೇ ಇನ್ನೊಂದು ತಂತ್ರಾಂಶವಾದ ಓಪನ್ ಆಫೀಸ್‌ನಿಂದ ಸಿಡಿದು ಬೇರೆಯಾದವರು ಕಟ್ಟಿದ್ದು ಎಂದು ತಿಳಿಸಿದೆ. "ಹಾಗಾದರೆ ನಮ್ಮವರೇ" ಎಂದರು. ನಮ್ಮ ಸಂಘವೂ ಇನ್ನೊಂದು ಸಂಘದಿಂದ ಹಾಗೆಯೇ ಹುಟ್ಟಿದ್ದು.

ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಯಿಂದ ಹುಡುಗನೊಬ್ಬ ಬಂದ. ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದ ಸಮಯ, ಬೆಳೆಸಾಲಕ್ಕೆ ಬಂದ ರೈತರು ಬಾಗಿಲಿನವರೆಗೆ ನಿಂತಿದ್ದರು. ತಂತ್ರಾಂಶವನ್ನು ಒಂದು ಸಲ ಹಾಕಿದರೆ ಸಾಕು, ಆ ಯಂತ್ರದ ಎಲ್ಲ ಖಾತೆಗಳಿಗೂ ಅದು ಸಿಗುತ್ತದೆ. ಆಯ್ಕೆಗಳು ಮಾತ್ರ ಅವರವರ ಖಾತೆಯಲ್ಲಿ ಬೇರೆ ಬೇರೆಯಾಗಿರುತ್ತವೆ ಎಂದು ಅವನು ವಿವರಿಸಿದ. ಯಾರೂ ನಂಬಲಿಲ್ಲ. "ಅವರದರಲ್ಲಿ ಹಾಕಿದೆ, ನನ್ನದರಲ್ಲೂ ಹಾಕಿಬಿಡು ತಮ್ಮಾ" ಎಂದು ಒಬ್ಬೊಬ್ಬರಾಗಿ ಬಂದು ಕಿವಿಯಲ್ಲಿ ಹೇಳಿ ಹೋದರು. ಅವನು ಜಾಣ. ಆರು ಖಾತೆಗಳನ್ನೂ ಒಂದೊಂದಾಗಿ ತೆರೆದು, ಎರಡು ನಿಮಿಷ ಗಂಭೀರವಾಗಿ ಕುಳಿತು, ಮುಚ್ಚಿ ಎದ್ದ. ಎಲ್ಲರಿಗೂ ಸಮಾಧಾನವಾಯಿತು.

ಅವನು ಮಾಡಿದ ಇನ್ನೊಂದು ಒಳ್ಳೆಯ ಕೆಲಸವೇ ಮೊದಲ ಅನಾಹುತಕ್ಕೆ ದಾರಿಯಾಯಿತು. ತಂತ್ರಾಂಶದ ಗುರುತು ಚಿತ್ರವನ್ನು ಎಲ್ಲ ಬಳಕೆದಾರರಿಗೂ ಸೇರಿದ ಸಾರ್ವಜನಿಕ ಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ದ. ಒಂದೇ ಕಡೆ ಇಟ್ಟದ್ದು ಎಲ್ಲರ ಪರದೆಯ ಮೇಲೂ ಕಾಣುತ್ತದೆ. ಆದರೆ ಆ ಚಿತ್ರ ಸರಿಯಾಗಿ ಮೊಮ್ಮಗನ ಮೂಗಿನ ಮೇಲೆ ಬಂದು ಕುಳಿತಿತ್ತು. ಮೇಡಂ ಅದನ್ನು ಪಕ್ಕಕ್ಕೆ ಎಳೆಯಬಹುದಿತ್ತು, ಅಳಿಸಿದರು. ಅಳಿಸಲು ನಿರ್ವಾಹಕರ ಪಾಸ್‌ವರ್ಡ್ ಬೇಕೆಂದು ಯಂತ್ರ ತಡೆಯಿತು. ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ಪಾಸ್‌ವರ್ಡನ್ನು ನೋಡಿಕೊಂಡು ಅದನ್ನೂ ಒದಗಿಸಿದರು. ಮರುದಿನ ಯಾರ ಪರದೆಯ ಮೇಲೂ ಚಿತ್ರವಿಲ್ಲ. "ಪುಕ್ಕಟೆ ಅವಧಿ ಮುಗಿಯಿತು, ವಾಪಸ್ಸು ತೆಗೆದುಕೊಂಡರು" ಎಂದು ಅನುಮಾನದ ನಿರ್ದೇಶಕರು ಫೋನಿನಲ್ಲಿ ಸಂಭ್ರಮಿಸಿದರು. ಸ್ಟಾರ್ಟ್ ಮೆನುವಿನಲ್ಲಿ ತಂತ್ರಾಂಶ ತಣ್ಣಗೆ ಕುಳಿತಿತ್ತು.

ಎರಡನೆಯದು ಅಕ್ಷರಗಳ ಕಥೆ. ಹಿರಿಯ ಗುಮಾಸ್ತರು ಹಳೆಯ ನುಡಿ ಫಾಂಟನ್ನು ಬಿಟ್ಟು ಬೇರೆಯದರಲ್ಲಿ ಬರೆಯುವುದಿಲ್ಲ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್ ಎಂದರೆ ಅವರಿಗೆ ಹೊಸ ಸೊಸೆಯ ಅಡುಗೆಯ ಹಾಗೆ, ಚೆನ್ನಾಗಿದ್ದರೂ ಒಪ್ಪುವುದಿಲ್ಲ. ಪೆನ್ ಡ್ರೈವಿನಿಂದ ಫಾಂಟುಗಳನ್ನು ತಾವೇ ಹಾಕಿಕೊಂಡರು. ವಿಂಡೋಸ್ 10ರ 2018ರ ಆವೃತ್ತಿಯಿಂದೀಚೆಗೆ ಫಾಂಟಿನ ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಎರಡು ಆಯ್ಕೆಗಳು ಬರುತ್ತವೆ: ಸುಮ್ಮನೆ ಸ್ಥಾಪಿಸುವುದು, ಎಲ್ಲ ಬಳಕೆದಾರರಿಗೂ ಸ್ಥಾಪಿಸುವುದು. ಸುಮ್ಮನೆ ಸ್ಥಾಪಿಸಿದರೆ ಅದು ಹಾಕಿದವರ ಖಾತೆಗಷ್ಟೇ. ಇವರು ಪರೋಪಕಾರಕ್ಕೆ ಹೆಸರಾದವರಲ್ಲ, ಮೊದಲನೆಯದನ್ನೇ ಒತ್ತಿದ್ದರು.

ಹಳೆಯ ನುಡಿಯಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ, ಗುರುತುಗಳ ಜಾಗದಲ್ಲಿ ಅಡಗಿರುತ್ತವೆ. ಫಾಂಟ್ ಇಲ್ಲದ ಕಡೆ ತೆರೆದರೆ ವೇಷ ಕಳಚುತ್ತದೆ. ಪಕಾರ ಇದ್ದಲ್ಲಿ ಜಪಾನಿನ ಯೆನ್ ಗುರುತು, ನಕಾರ ಇದ್ದಲ್ಲಿ ಬ್ರಿಟನ್ನಿನ ಪೌಂಡ್ ಗುರುತು. ನಮ್ಮದೋ 'ಪತ್ತಿನ' ಸಂಘ! ಬಾಕಿದಾರರಿಗೆ ಕಳುಹಿಸಬೇಕಿದ್ದ ನೋಟಿಸನ್ನು ಮೇಡಂ ತಮ್ಮ ಖಾತೆಯಲ್ಲಿ ತೆರೆದಾಗ ತಲೆಬರಹದಲ್ಲೇ ಯೆನ್ನು, ಪೌಂಡು ಎರಡೂ ಇದ್ದವು. ಅವರು ಗಮನಿಸದೆ ಒಂದು ಪ್ರತಿ ಮುದ್ರಿಸಿ ಕೊಟ್ಟೂ ಬಿಟ್ಟರು. ಭತ್ತದ ವ್ಯಾಪಾರಿಯೊಬ್ಬರು ಅದನ್ನು ಹಿಡಿದು ಬಂದು, "ಸಾಲ ಕೊಟ್ಟದ್ದು ರೂಪಾಯಿಯಲ್ಲಿ, ವಸೂಲಿ ಪೌಂಡಿನಲ್ಲಿ ಮಾಡುತ್ತೀರಾ ಸಾಹೇಬರೇ?" ಎಂದು ಕೇಳಿದರು. ಅವರ ಬಾಕಿಯ ಗಾತ್ರಕ್ಕೆ ಕಾರ್ಯದರ್ಶಿಗಳಿಗೆ ಒಂದು ಕ್ಷಣ ಆಸೆಯಾದಂತೆ ಕಂಡಿತು.

ಇದೆಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಮಧ್ಯಾಹ್ನವೊಂದರಲ್ಲಿ ಬೆಳೆಸಾಲದ ಪಟ್ಟಿ ತೆರೆಯಲೊಲ್ಲದು. ಈ ಕಡತ ಬೇರೊಬ್ಬರ ಕೈಯಲ್ಲಿದೆ, ಓದಬಹುದು, ತಿದ್ದುವಂತಿಲ್ಲ ಎಂದು ಸಂದೇಶ ಬಂತು. ಬೀಗ ಹಾಕಿದವರು ಯಾರೆಂದರೆ: ಅಪರಿಚಿತ ಬಳಕೆದಾರ. ಮೇಡಂ ಇದನ್ನು ಜೋರಾಗಿ ಓದಿದ್ದೇ ತಪ್ಪಾಯಿತು. ಸೈಬರ್ ವಂಚನೆಯ ಎಚ್ಚರಿಕೆಗಳನ್ನು ಮೊಬೈಲಿನಲ್ಲಿ ಕೇಳಿ ಕೇಳಿ ಬೆಂಡಾಗಿದ್ದ ಕಾರ್ಯದರ್ಶಿಗಳು, "ಎಷ್ಟು ಹಣ ಕೇಳಿದ್ದಾನೆ?" ಎನ್ನುತ್ತಾ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಕನ್ನಡಕ ಹುಡುಕತೊಡಗಿದರು. ಸರದಿಯಲ್ಲಿದ್ದ ರೈತರಲ್ಲಿ ನಾಲ್ಕಾರು ಮಂದಿ ಠೇವಣಿ ವಾಪಸ್ಸು ಪಡೆಯುವ ಸಾಲಿಗೆ ನಿಂತರು. ನಿಂತವರಲ್ಲಿ ಠೇವಣಿ ಇಲ್ಲದವರೂ ಇದ್ದರು.

ಬಿಡಿಸಿದವನು ಸಿಪಾಯಿ. "ಹಿರಿಯ ಗುಮಾಸ್ತರು ಆ ಪಟ್ಟಿಯನ್ನು ತೆರೆದಿಟ್ಟು, ಪರದೆಗೆ ಬೀಗ ಹಾಕಿ, ಮಿರ್ಚಿ ಬಂಡಿಗೆ ಹೋದರಲ್ಲ" ಎಂದ. ಅವರ ಖಾತೆ ಒಳಗೊಳಗೇ ಎಚ್ಚರವಾಗಿತ್ತು. ಮೇಡಂ ತಮ್ಮ ಖಾತೆಯಿಂದ ಬಾಗಿಲು ಬಡಿಯುತ್ತಿದ್ದರು. ಲಿಬ್ರೆ ಆಫೀಸ್‌ನ ಬಳಕೆದಾರರ ವಿವರದಲ್ಲಿ ಹೆಸರು ತುಂಬಿಸದಿದ್ದರೆ ಅದು ಎಲ್ಲರನ್ನೂ ಅಪರಿಚಿತ ಎಂದೇ ಕರೆಯುತ್ತದೆ. ಇಪ್ಪತ್ತು ವರ್ಷ ಒಂದೇ ಡಬ್ಬಿಯ ಉಪ್ಪಿನಕಾಯಿ ತಿಂದವರನ್ನೂ ಸಹ. ಅಂಗಡಿಯ ಹುಡುಗ ಫೋನಿನಲ್ಲೇ ಹೇಳಿದ: "ಎಲ್ಲರೂ ಅವರವರ ಖಾತೆಯಲ್ಲಿ ಹೆಸರು ಬರೆದುಕೊಳ್ಳಿ, ಮುಗಿಯಿತು." ಎಲ್ಲರೂ ಬರೆದುಕೊಂಡೆವು. ಹಿರಿಯ ಗುಮಾಸ್ತರು ಪಟ್ಟು ಬಿಡದೆ ನುಡಿಯಲ್ಲೇ ಬರೆದರು.

ಮರುದಿನ ಅದೇ ಹೊತ್ತಿಗೆ ಪಟ್ಟಿ ಮತ್ತೆ ಬೀಗ ಹಾಕಿಕೊಂಡಿತು. ಈ ಸಲ ಬೀಗ ಹಾಕಿದವರ ಹೆಸರಿನಲ್ಲಿ ಎರಡು ಪೌಂಡು, ಒಂದು ಯೆನ್ನು, ಉಳಿದಂತೆ ತಲೆಯ ಮೇಲೆ ಗೆರೆ ಹೊತ್ತ ಏನೇನೋ ಅಕ್ಷರಗಳು. ಮೇಡಂ ಓದುವ ಗೋಜಿಗೇ ಹೋಗಲಿಲ್ಲ. ಸಿಪಾಯಿಯನ್ನು ಕರೆದು, "ಮಿರ್ಚಿ ಬಂಡಿಗೆ ಹೋಗಿ ಹಿರಿಯರನ್ನು ಕರೆದುಕೊಂಡು ಬಾಪ್ಪಾ" ಎಂದರು.